ಟ್ರಿಪ್‌ಗೆ ಪೆಟ್ರೋಲ್ ಎಷ್ಟಾಗುತ್ತೆ ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ, ಐದು ಜನಕ್ಕೆ ಹಂಚೋದು ಹೇಗೆ?

ದೂರದ_ದಾರಿ

ನಮಸ್ಕಾರ ಎಲ್ರಿಗೂ. ಮುಂದಿನ ತಿಂಗಳು ನಾವು ಐದು ಜನ ನನ್ನ ಕಾರಲ್ಲಿ ಒಂದು ಲಾಂಗ್ ಟ್ರಿಪ್ ಹೊರಟಿದೀವಿ. ನಾನು, ನನ್ನ ಹೆಂಡತಿ, ಒಬ್ಬ ಫ್ರೆಂಡು ಮತ್ತೆ ಅವನ ಹೆಂಡತಿ, ಇನ್ನೊಬ್ಬ ಫ್ರೆಂಡ್ ಒಬ್ಬನೇ. ಹೋಗೋಕೆ 540 ಕಿ.ಮೀ., ಬರೋಕೆ 540, ಅಲ್ಲಿ ಸುತ್ತಾಡೋಕೆ ಒಂದು 120 ಅಂತಿಟ್ಕೊಂಡ್ರೆ ಒಟ್ಟು 1200. ಪೆಟ್ರೋಲ್ ಗಾಡಿ. ಕಂಪನಿಯವ್ರು 20 ಮೈಲೇಜ್ ಅಂತಾರೆ, ದಿನಾ ಆಫೀಸಿಗೆ ಓಡ್ಸೋವಾಗ ನಂಗೆ 12ರ ಮೇಲೆ ಬಂದಿದ್ದೇ ಇಲ್ಲ. 20 ಹಿಡಿದ್ರೆ 60 ಲೀಟರ್, 12 ಹಿಡಿದ್ರೆ 100 ಲೀಟರ್. ಇದ್ರಲ್ಲಿ ಯಾವುದನ್ನ ಅವ್ರಿಗೆ ಹೇಳ್ಲಿ?

ಇನ್ನೊಂದು ತೊಡಕು ಏನಂದ್ರೆ ಒಬ್ಬನೇ ಬರೋ ಫ್ರೆಂಡ್ ನಮ್ಮೂರಲ್ಲಿಲ್ಲ, ನಾವು 180 ಕಿ.ಮೀ. ಹೋದ್ಮೇಲೆ ದಾರೀಲಿ ಹತ್ತಿಕೊಳ್ತಾನೆ, ವಾಪಸ್ ಬರುವಾಗ ಅಲ್ಲೇ ಇಳೀತಾನೆ. ಅವನಿಗೂ ಐದನೇ ಒಂದು ಭಾಗ ಹಾಕೋದು ಸರೀನಾ? ಆಮೇಲೆ ಗಾಡಿ ನಂದು, ಓಡ್ಸೋನೂ ಹೆಚ್ಚು ಕಮ್ಮಿ ನಾನೇ, ನನ್ನ ಪಾಲೂ ಪೂರ್ತಿ ಕೊಡ್ಬೇಕಾ?

ಇಷ್ಟು ಸಣ್ಣ ವಿಷಯಕ್ಕೆ ಇಲ್ಲಿ ಬಂದು ಕೇಳ್ತಿದಾನಲ್ಲ ಅನ್ಕೋಬೇಡಿ. ಹೋದ ಸಲ ಹೀಗೇ ಹೋಗಿದ್ವಿ, ನಾನೇ ಎಲ್ಲಾ ಕಡೆ ಕಾರ್ಡ್ ಉಜ್ಜಿದೆ, ಆಮೇಲೆ ನೋಡ್ಕೊಳ್ಳೋಣ ಬಿಡು ಅಂತಾಯ್ತು, ವಾಪಸ್ ಬಂದು ನಾಲ್ಕು ದಿನ ಆದ್ಮೇಲೆ ಗ್ರೂಪಲ್ಲಿ ಒಂದು ಮೊತ್ತ ಹಾಕಿದೆ. "ಅಷ್ಟಾಯ್ತಾ?" ಅಂತ ಒಬ್ಬ ಬರೆದ. ಬೇರೇನೂ ಹೇಳ್ಲಿಲ್ಲ, ಹಣಾನೂ ಕಳಿಸಿದ, ಆದ್ರೆ ಆ ಒಂದು ಮಾತು ಇವತ್ತಿಗೂ ನನ್ನ ಮನಸ್ಸಲ್ಲಿ ಚುಚ್ತಾ ಇದೆ. ಈ ಸಲ ಹೊರಡೋ ಮುಂಚೇನೇ ಎಲ್ಲಾ ಬಾಯಿಬಿಟ್ಟು ಮಾತಾಡ್ಬೇಕು ಅಂತಿದೀನಿ, ಆದ್ರೆ ಮಾತಾಡೋಕೆ ಕೈಯಲ್ಲಿ ಒಂದು ಸರಿಯಾದ ಲೆಕ್ಕ ಇರ್ಬೇಕಲ್ಲ. ತಿಳಿದೋರು ಹೇಳಿ.

ಟಾಪ್_ಗೇರ್_ತಮ್ಮ

ಗುರೂ, ಮೊದಲನೇದಾಗಿ 20ನ್ನೂ ಮರೀರಿ, 12ನ್ನೂ ಮರೀರಿ. ಕಂಪನಿ ನಂಬರು ಲ್ಯಾಬಲ್ಲಿ ರೋಲರ್ ಮೇಲೆ ಗಾಡಿ ನಿಲ್ಸಿ, ಎಲ್ಲಿ ಎಷ್ಟು ವೇಗ, ಎಲ್ಲಿ ನಿಲ್ಲೋದು ಅಂತ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಓಡ್ಸಿ ತೆಗೆಯೋದು. ಒಂದು ಗಾಡಿಗೂ ಇನ್ನೊಂದು ಗಾಡಿಗೂ ಹೋಲಿಸೋಕೆ ಅದು ಸರಿ, ನಿಮ್ಮ ಜೇಬಿನ ಲೆಕ್ಕಕ್ಕೆ ಬರಲ್ಲ. ಆಫೀಸಿಗೆ ಹೋಗೋ 12 ಅನ್ನೋದು ಸಿಗ್ನಲ್ಲು, ಫಸ್ಟ್ ಗೇರು, ಇಂಜಿನ್ ಬಿಸಿ ಆಗೋಕೆ ಮುಂಚೇನೇ ಆಫೀಸ್ ಬಂತು ಅನ್ನೋ ಥರದ ಓಟದ್ದು. ಲಾಂಗ್ ರೂಟಲ್ಲಿ ಅದೇ ಗಾಡಿ ಬೇರೆ ಥರ ಇರುತ್ತೆ.

ಫುಲ್ ಟು ಫುಲ್ ಮಾಡಿ, ಬೇರೆ ದಾರಿ ಇಲ್ಲ. ಟ್ರಿಪ್‌ಗೆ ಇನ್ನೂ ಒಂದು ತಿಂಗಳಿದೆ ಅಂತೀರಲ್ಲ, ಒಂದು ಭಾನುವಾರ ಹೈವೇಲಿ 150 ಕಿ.ಮೀ. ಆದ್ರೂ ಹೋಗಿ ಬನ್ನಿ. ಹೋಗೋ ಮುಂಚೆ ಬಂಕಲ್ಲಿ ಟ್ಯಾಂಕ್ ಫುಲ್. ಇಲ್ಲೇ ಜನ ತಪ್ಪೋದು, ಸ್ವಲ್ಪ ಗಮನ ಇಟ್ಟು ಓದಿ. ನಾಝಲ್ ತುದೀಲಿ ಒಂದು ಸಣ್ಣ ತೂತಿರುತ್ತೆ, ಪೆಟ್ರೋಲ್ ಮೇಲೇರಿ ಆ ತೂತು ಮುಚ್ಚಿದ ತಕ್ಷಣ ಟಕ್ ಅಂತ ತಾನೇ ಕಟ್ ಆಗುತ್ತೆ. ಆ ಮೊದಲನೇ ಟಕ್‌ಗೆ ನಿಲ್ಸೋಕೆ ಹೇಳಿ. ಬಂಕ್ ಹುಡುಗ ರೌಂಡ್ ಫಿಗರ್ ಮಾಡ್ತೀನಿ ಅಂತ ಮತ್ತೆ ಮತ್ತೆ ಒತ್ತಿದ್ರೆ ಒಂದು ಸಲ ಅರ್ಧ ಲೀಟರ್ ಜಾಸ್ತಿ ಹೋಗುತ್ತೆ, ಇನ್ನೊಂದು ಸಲ ಒಂದೂವರೆ ಲೀಟರ್ ಹೋಗುತ್ತೆ, 9-10 ಲೀಟರ್ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಬಂದ್ರೆ ಮೈಲೇಜ್ ನಂಬರ್ ಏನೂ ಕೆಲಸಕ್ಕೆ ಬರಲ್ಲ. ವಾಪಸ್ ಬಂದು ಅದೇ ಬಂಕು, ಸಾಧ್ಯ ಆದ್ರೆ ಅದೇ ಪಂಪು, ಗಾಡಿ ಅದೇ ದಿಕ್ಕಿಗೆ ನಿಲ್ಸಿ, ಮತ್ತೆ ಮೊದಲನೇ ಟಕ್. ಓಡಿದ ಕಿ.ಮೀ. ಭಾಗಿಸು ಹಾಕಿದ ಲೀಟರ್. ಡ್ಯಾಶ್‌ಬೋರ್ಡಲ್ಲಿ ತೋರ್ಸೋ ಆವರೇಜ್ ನಂಬ್ಕೋಬೇಡಿ, ಎಷ್ಟೋ ಗಾಡೀಲಿ ಅದು ಸ್ವಲ್ಪ ಹೆಚ್ಚೇ ತೋರ್ಸುತ್ತೆ.

ಈಗ ನಿಮ್ಮ ರೂಟನ್ನ ಒಂದೇ ನಂಬರಲ್ಲಿ ಮುಗಿಸ್ಬೇಡಿ, ತುಂಡು ಮಾಡಿ. 1080ರಲ್ಲಿ ಘಾಟ್ ರೋಡ್ ಎಷ್ಟು?

ದೂರದ_ದಾರಿ

ಹೋಗ್ತಾ ಬರ್ತಾ ಸೇರಿ 180 ಕಿ.ಮೀ. ಘಾಟ್ ಇದೆ ಸರ್, ಉಳಿದ 900 ಒಳ್ಳೆ ಹೈವೇ. ಹೈವೇಲಿ ಒಂದು ಸಲ ಅಳೆದಿದ್ದೆ, 18 ಬಂದಿತ್ತು, ಆದ್ರೆ ಆಗ ನಾವಿಬ್ರೇ ಇದ್ವಿ.

ಟಾಪ್_ಗೇರ್_ತಮ್ಮ

ಸರಿ, 18 ಇಟ್ಕೊಳ್ಳಿ. ಘಾಟಿಗೆ 12, ಅಲ್ಲಿ ಊರೊಳಗೆ ಸುತ್ತೋದಕ್ಕೂ ನಿಮ್ಮ ಆಫೀಸ್ ಲೆಕ್ಕ 12. ಹೈವೇ 900 ಭಾಗಿಸು 18 ಅಂದ್ರೆ 50 ಲೀಟರ್, ಘಾಟ್ 180ಕ್ಕೆ 15 ಲೀಟರ್, ಲೋಕಲ್ 120ಕ್ಕೆ 10 ಲೀಟರ್. ಒಟ್ಟು 75. ಅಂದ್ರೆ ಇಡೀ ಟ್ರಿಪ್‌ಗೆ 16 ಮೈಲೇಜ್ ಬಿತ್ತು. ನೋಡಿ, 18, 12, 12 ಕೂಡಿಸಿ ಮೂರರಿಂದ ಭಾಗಿಸಿದ್ರೆ 14 ಬರ್ತಿತ್ತು, 85 ಲೀಟರ್ ದಾಟ್ತಿತ್ತು. ಮೈಲೇಜ್‌ಗಳನ್ನ ಹಾಗೆ ಸರಾಸರಿ ಮಾಡೋ ಹಾಗಿಲ್ಲ, ಲೀಟರ್‌ಗಳನ್ನ ಕೂಡಿಸ್ಬೇಕು. ಎಷ್ಟೋ ದೇಶಗಳಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತಾನೇ ಲೆಕ್ಕ ಇಡ್ತಾರೆ, ಆದ್ರೆ ಅಲ್ಲೂ ಯಾವ ತುಂಡು ಎಷ್ಟು ದೂರ ಅಂತ ನೋಡಿಯೇ ಲೀಟರ್ ಕೂಡಿಸ್ಬೇಕು.

ಇಬ್ರೇ ಇದ್ದಾಗ ಅಳೆದಿದ್ದು ಅಂದ್ರಲ್ಲ, ಇನ್ನೂ ಮೂರು ಜನ ಪ್ಲಸ್ ಲಗೇಜ್ ಅಂದ್ರೆ 250 ಕೆ.ಜಿ. ಹತ್ರ ಬರುತ್ತೆ. ಸಪಾಟು ಹೈವೇಲಿ ಒಂದೇ ಸ್ಪೀಡಲ್ಲಿ ಹೋದ್ರೆ ಭಾರದಿಂದ ಅಷ್ಟೇನೂ ವ್ಯತ್ಯಾಸ ಆಗಲ್ಲ, ಏರೋವಾಗ ಗೊತ್ತಾಗುತ್ತೆ. ಜನ, ಲಗೇಜ್ ಎಲ್ಲಾ ಸೇರಿ 1800 ಕೆ.ಜಿ. ಇರೋ ಗಾಡಿ 1000 ಮೀಟರ್ ಎತ್ತರ ಹತ್ತೋಕೆ ಸುಮಾರು 17.7 ಮೆಗಾಜೂಲ್ ಬೇಕು. ಒಂದು ಲೀಟರ್ ಪೆಟ್ರೋಲಲ್ಲಿ 32 ಮೆಗಾಜೂಲ್ ಆಸುಪಾಸು ಇರುತ್ತೆ, ಅದ್ರಲ್ಲಿ ಕಾಲುಭಾಗ ಚಕ್ರಕ್ಕೆ ತಲುಪಿದ್ರೆ ಹೆಚ್ಚು, ಉಳಿದಿದ್ದು ಬಿಸಿಯಾಗಿ ಹೋಗುತ್ತೆ. ಹಾಗಾಗಿ ಎತ್ತರ ಏರೋಕೆ ಅಂತಾನೇ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೆ. ಇಳಿಯೋವಾಗ ಅದೆಲ್ಲಾ ವಾಪಸ್ ಬರಲ್ಲ, ಬ್ರೇಕಲ್ಲಿ ಹೋಗುತ್ತೆ.

ಸ್ಪೀಡ್ ಇದಕ್ಕಿಂತ ದೊಡ್ಡ ವಿಷಯ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, 80ರಲ್ಲಿ ಹೋಗೋದಕ್ಕೂ 110ರಲ್ಲಿ ಹೋಗೋದಕ್ಕೂ ಗಾಳಿ ತಡೆ ಹತ್ರ ಹತ್ರ ಎರಡು ಪಟ್ಟು. ರೂಫ್ ಮೇಲೆ ಲಗೇಜ್ ಕಟ್ಟಿದ್ರಂತೂ ಕೇಳೋದೇ ಬೇಡ, ದಯವಿಟ್ಟು ಡಿಕ್ಕೀಲಿ ಹಿಡಿಸೋಷ್ಟೇ ತಗೊಂಡು ಹೋಗಿ. ಪೆಟ್ರೋಲಲ್ಲಿ ಎಥೆನಾಲ್ ಬೆರೆಸಿರೋದಾದ್ರೆ ಅದನ್ನೂ ನೆನಪಿಟ್ಕೊಳ್ಳಿ, ಲೀಟರಿಗೆ ಲೀಟರ್ ನೋಡಿದ್ರೆ ಎಥೆನಾಲಲ್ಲಿ ಶಕ್ತಿ ಮೂರನೇ ಒಂದು ಭಾಗ ಕಮ್ಮಿ, ಬೆರಕೆ ಜಾಸ್ತಿ ಆದಷ್ಟೂ ಮೈಲೇಜ್ ಇಳಿಯುತ್ತೆ.

ಇದೆಲ್ಲಾ ಸೇರ್ಸಿ 75ರ ಮೇಲೆ ಹತ್ತು ಪರ್ಸೆಂಟ್ ಹಾಕಿ, 82 ಅಥವಾ 83 ಲೀಟರ್ ಅಂತ ಹೇಳಿ ಅವ್ರಿಗೆ. ದಾರಿ ತಪ್ಪಿ ಸುತ್ತೋದು, ಟ್ರಾಫಿಕಲ್ಲಿ ಎಸಿ ಹಾಕ್ಕೊಂಡು ನಿಲ್ಲೋದು ಎಲ್ಲಾ ಅದ್ರಲ್ಲೇ ಬರುತ್ತೆ. ಒಂದು ನಂಬರ್ ಹೇಳೋದಕ್ಕಿಂತ "75ರಿಂದ 83ರ ಒಳಗೆ" ಅಂತ ಹೇಳಿದ್ರೆ ಆಮೇಲೆ ಯಾರೂ ಅಷ್ಟಾಯ್ತಾ ಅನ್ನಲ್ಲ.

ಜಮಾ_ಖರ್ಚು

ಮೇಲಿನವ್ರು ಲೀಟರ್ ಲೆಕ್ಕ ಚೆನ್ನಾಗಿ ಹೇಳಿದ್ರು. ನಾನು ಹಂಚೋದ್ರ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಮ್ಮ ಗೆಳತಿಯರ ಗುಂಪಲ್ಲಿ ಪ್ರತಿ ಟ್ರಿಪ್‌ದೂ ಲೆಕ್ಕ ಬರೆಯೋಳು ನಾನೇ.

ಹಂಚೋದನ್ನೂ ದುಡ್ಡಲ್ಲಿ ಶುರು ಮಾಡ್ಬೇಡಿ, ಲೀಟರಲ್ಲೇ ಹಂಚಿ. ಬೆಲೆ ಒಂದೊಂದು ಬಂಕಲ್ಲಿ ಒಂದೊಂದು ಥರ ಇರುತ್ತೆ, ಕೊನೇಲಿ ಒಟ್ಟು ಕೊಟ್ಟ ಹಣವನ್ನ ಒಟ್ಟು ಲೀಟರಿಂದ ಭಾಗಿಸಿದ್ರೆ ಒಂದು ಲೀಟರಿಗೆ ಸರಾಸರಿ ಎಷ್ಟು ಬಿತ್ತು ಅಂತ ಸಿಗುತ್ತೆ, ಆಮೇಲೆ ಗುಣಿಸಿದ್ರೆ ಆಯ್ತು.

ದಾರೀಲಿ ಹತ್ತೋ ಫ್ರೆಂಡ್ ವಿಷಯಕ್ಕೆ ಬರ್ತೀನಿ. ಅವರು ಗಾಡೀಲಿ ಇಲ್ದೇ ಇರೋದು ಹೋಗ್ತಾ 180, ಬರ್ತಾ 180, ಒಟ್ಟು 360 ಕಿ.ಮೀ. ಅದು ಹೈವೇ ಅಂತ ಇಟ್ಕೊಂಡ್ರೆ 18ರ ಲೆಕ್ಕದಲ್ಲಿ 20 ಲೀಟರ್. ಆ 20 ಲೀಟರ್ ಗಾಡೀಲಿದ್ದ ನಾಲ್ಕು ಜನರದ್ದು, ತಲಾ 5. ಉಳಿದ 55 ಲೀಟರ್ ಐದೂ ಜನರದ್ದು, ತಲಾ 11. ಹಾಗಾಗಿ ನೀವು ನಾಲ್ಕು ಜನ ತಲಾ 16, ಅವರು 11. ಕೂಡಿಸಿ ನೋಡಿ, 64 ಪ್ಲಸ್ 11, 75 ಸರಿಯಾಯ್ತು. ಸಮಪಾಲು ಮಾಡಿದ್ರೆ ಎಲ್ರಿಗೂ 15 ಬರ್ತಿತ್ತು, ಅಂದ್ರೆ ಅವರು ಕೂತೇ ಇಲ್ಲದ ರಸ್ತೆಗೆ 4 ಲೀಟರ್ ಕೊಟ್ಟಂಗಾಗ್ತಿತ್ತು. ಕೇಳಿದ್ರೆ ಅವರು ಕೊಡ್ತಾರೆ, ಸ್ನೇಹಿತ ಅಲ್ವಾ, ಆದ್ರೆ ಒಳಗೊಳಗೆ ಅನ್ನಿಸೇ ಅನ್ನಿಸುತ್ತೆ.

ಯಾವ ತುಂಡಲ್ಲಿ ಯಾರಿದ್ರೋ ಆ ತುಂಡಿನ ಖರ್ಚು ಅವರೊಳಗೆ ಸಮ ಅನ್ನೋ ಈ ಪದ್ಧತಿ ನನ್ನ ಸ್ವಂತದ್ದಲ್ಲ. ಲಾಯ್ಡ್ ಶಾಪ್ಲಿ ಅಂತ ಒಬ್ಬ ಗಣಿತಜ್ಞರು, 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅವರು 1953ರಲ್ಲೇ ಹಲವರು ಸೇರಿ ಮಾಡಿದ ಕೆಲಸದಲ್ಲಿ ಯಾರ ಪಾಲು ಎಷ್ಟು ಅಂತ ತೂಗೋ ದಾರಿ ತೋರಿಸಿದ್ರು. ಆಮೇಲೆ 1973ರಲ್ಲಿ ಬೇರೆ ಇಬ್ಬರು ಸಂಶೋಧಕರು ಅದನ್ನ ವಿಮಾನ ನಿಲ್ದಾಣದ ರನ್‌ವೇಗೆ ಹಾಕಿ ನೋಡಿದ್ರು. ಸಣ್ಣ ವಿಮಾನಕ್ಕೆ ಬೇಕಾದಷ್ಟು ಉದ್ದದ ಖರ್ಚು ಎಲ್ಲಾ ವಿಮಾನಗಳ ಮೇಲೆ, ಅದ್ರಾಚೆ ಬೆಳೆಸಿದ ಉದ್ದದ ಖರ್ಚು ದೊಡ್ಡ ವಿಮಾನಗಳ ಮೇಲೆ ಮಾತ್ರ. ನಿಮ್ಮ ರಸ್ತೆಗೂ ಅದೇ ನ್ಯಾಯ. ಟೋಲ್ ಕೂಡ ಹಾಗೇ, ಯಾವ ಗೇಟ್ ದಾಟುವಾಗ ಯಾರಿದ್ರು ನೋಡಿ ಅವರೊಳಗೇ ಹಂಚಿ. ಪಾರ್ಕಿಂಗೂ ಅಷ್ಟೇ.

ರೂಮಿಂದು ಮಾತ್ರ ಬೇರೆ ಇಡಿ. ಅಲ್ಲಿ ತಲೆ ಲೆಕ್ಕ ಬರಲ್ಲ, ರೂಮ್ ಲೆಕ್ಕ. ಇಬ್ಬರಿಗೊಂದು ರೂಮು, ಒಬ್ಬರಿಗೊಂದು ರೂಮು ಅಂದಾಗ ಒಂಟಿಯಾಗಿರೋರಿಗೆ ಪೂರ್ತಿ ರೂಮಿನ ಭಾರ ಬೀಳುತ್ತೆ, ಅದನ್ನ ಮೊದಲೇ ಅವರ ಹತ್ರ ಮಾತಾಡಿ.

ನಾಲ್ಕು_ಚಕ್ರ

ಎಲ್ಲಾ ಸರಿ, ಗಾಡಿ ಓನರ್ ಕಷ್ಟ ಯಾರೂ ಹೇಳ್ಲಿಲ್ವಲ್ಲ. ಪೆಟ್ರೋಲ್ ಕಣ್ಣಿಗೆ ಕಾಣುತ್ತೆ ಅದಕ್ಕೆ ಹಂಚ್ತೀವಿ, ಟೈರ್ ಸವೆಯೋದು ಕಾಣಲ್ಲ. ಒಂದು ಸೆಟ್ ಟೈರ್ 48000 ಕಿ.ಮೀ. ಬಾಳುತ್ತೆ ಅಂದ್ರೆ ನಿಮ್ಮ 1200 ಕಿ.ಮೀ. ಅದ್ರ ನಲವತ್ತರಲ್ಲಿ ಒಂದು ಭಾಗ ತಿಂತು. 10000 ಕಿ.ಮೀ.ಗೆ ಒಂದ್ಸಲ ಸರ್ವಿಸ್ ಅಂದ್ರೆ ಒಂದು ಸರ್ವಿಸ್‌ನ 12 ಪರ್ಸೆಂಟ್ ಈ ಟ್ರಿಪ್ಪಲ್ಲೇ ಹೋಯ್ತು. ಬ್ರೇಕ್ ಪ್ಯಾಡು, ಘಾಟಲ್ಲಿ ಕ್ಲಚ್ಚು, ಗಾಡಿ ಮಾರೋವಾಗ ಮೀಟರಲ್ಲಿ ಜಾಸ್ತಿ ಓಡಿರೋದು, ಇದೆಲ್ಲಾ ಓನರ್ ಒಬ್ಬನ ತಲೆ ಮೇಲೆ. ನಾನು ಎಂಟು ವರ್ಷ ಗಾಡಿ ತಗೊಂಡು ಹೋಗಿ ಪೆಟ್ರೋಲ್ ಪಾಲೂ ಸಮ ಕೊಟ್ಟೋನು, ಒಂದು ಸಲ ಕೂತು ಲೆಕ್ಕ ಹಾಕಿದ ದಿನ ನಿಜವಾಗ್ಲೂ ಬೇಜಾರಾಯ್ತು.

ನಮ್ಮಲ್ಲಿ ಈಗ ಮಾಡ್ಕೊಂಡಿರೋದು ಇಷ್ಟೇ, ಗಾಡಿ ಕೊಟ್ಟವನ ಒಂದು ಸೀಟಿನ ಪೆಟ್ರೋಲ್ ಪಾಲು ಮಾಫಿ. ಅದು ಸವಕಲಿಗೆ ಸರಿಹೋಗುತ್ತೆ. ಅವನ ಮನೆಯವರದ್ದು ಮಾಫಿ ಇಲ್ಲ.

ಜಮಾ_ಖರ್ಚು

ಅಣ್ಣ, ನೀವು ಹೇಳಿದ್ದು ನ್ಯಾಯ, ನಾನೂ ಒಪ್ಕೋತೀನಿ. ಹಾಗಾದ್ರೆ ನನ್ನ ಮೇಲಿನ ಲೆಕ್ಕದಲ್ಲಿ ಓನರ್ ಸೀಟ್ ತೆಗೆದ್ರೆ 20 ಲೀಟರ್ ಮೂರು ಜನಕ್ಕೆ, 55 ಲೀಟರ್ ನಾಲ್ಕು ಜನಕ್ಕೆ. ದಾರೀಲಿ ಹತ್ತೋರಿಗೆ 13.75 ಲೀಟರ್, ಉಳಿದ ಮೂರು ಜನಕ್ಕೆ ತಲಾ ಸುಮಾರು 20.4. ಆದ್ರೆ ಒಂದು ಎಚ್ಚರ, ಇದು ಖರ್ಚು ಹಂಚ್ಕೊಳ್ಳೋ ಮಟ್ಟದಲ್ಲೇ ನಿಲ್ಬೇಕು. ಖರ್ಚಿಗಿಂತ ಜಾಸ್ತಿ ಇಸ್ಕೊಂಡ್ರೆ ಅದು ಬಾಡಿಗೆ ಓಡಿಸಿದ ಹಾಗೆ, ಸ್ವಂತ ಬಳಕೆಗೆ ಮಾಡ್ಸಿದ ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಬಾಡಿಗೆಗೆ ಕವರ್ ಇರಲ್ಲ. ಏನಾದ್ರೂ ಅನಾಹುತ ಆದ ದಿನ ಅದೇ ದೊಡ್ಡ ತಲೆನೋವು.

ಹಿಂದಿನ_ಸೀಟು

ನಾನು ಗಾಡಿ ಇಲ್ದೇ ಇರೋ ಪೈಕಿ, ಯಾವಾಗ್ಲೂ ಬೇರೆಯವ್ರ ಕಾರಲ್ಲಿ ಹೋಗೋನು. ನಮ್ಮ ಕಡೆಯಿಂದಾನೂ ಒಂದು ಮಾತು ಕೇಳಿ. ಓನರ್ ಸೀಟ್ ಮಾಫಿ ಅಂದ್ರೆ ನಂಗೆ ಖಂಡಿತ ಬೇಸರ ಇಲ್ಲ, ಹೊರಡೋ ಮುಂಚೆ ಹೇಳಿದ್ರೆ. ಬಂದ್ಮೇಲೆ ಹೇಳಿದ್ರೆ ಬೇಸರ ಆಗುತ್ತೆ, ಮೊತ್ತ ಸಣ್ಣದಾದ್ರೂ ಆಗುತ್ತೆ. ನಿಮ್ಮ ಫ್ರೆಂಡ್ "ಅಷ್ಟಾಯ್ತಾ" ಅಂದಿದ್ದು ನಿಮ್ಮ ಮೇಲೆ ಅನುಮಾನದಿಂದ ಇರ್ಲಿಕ್ಕಿಲ್ಲ, ಅವರ ಮನಸ್ಸಲ್ಲಿ ಒಂದು ಅಂದಾಜು ಇತ್ತು, ಕಂಪನಿ ಮೈಲೇಜ್ ಹಿಡಿದೇ ಹಾಕಿರ್ತಾರೆ, ಅದಕ್ಕಿಂತ ಜಾಸ್ತಿ ಬಂದಾಗ ಬಾಯಿಂದ ಬಂದಿರುತ್ತೆ. ನಾನೂ ಒಂದ್ಸಲ ಹಾಗೇ ಅಂದಿದೀನಿ ಒಬ್ಬರಿಗೆ, ಆಮೇಲೆ ಅವರು ನನ್ನ ಕರೆಯೋದೇ ಬಿಟ್ರು. ಅವರಿಗೆ ನೋವಾಗಿದ್ದು ನಂಗೆ ತಿಳಿಯೋಕೆ ಒಂದು ವರ್ಷ ಬೇಕಾಯ್ತು.

ಇನ್ನೊಂದು. ಫೈನ್ ಬಿದ್ರೆ ಯಾರು ಕಟ್ಬೇಕು, ಪಂಕ್ಚರ್ ಆದ್ರೆ ಯಾರು? ನಮ್ಮ ಗುಂಪಲ್ಲಿ ಇದಕ್ಕೇ ಜಗಳ ಆಗಿದ್ದು.

ನಾಲ್ಕು_ಚಕ್ರ

ಓವರ್‌ಸ್ಪೀಡ್ ಫೈನ್ ಸ್ಟೀರಿಂಗ್ ಹಿಡಿದವನದ್ದು, ಅದ್ರಲ್ಲಿ ಎರಡು ಮಾತಿಲ್ಲ. ಪಂಕ್ಚರ್ ಎಲ್ರದ್ದೂ, ರಸ್ತೇಲಿ ಮೊಳೆ ಇರೋದಕ್ಕೆ ಓನರ್ ಏನು ಮಾಡ್ತಾನೆ. ಆದ್ರೆ ಹಳೇ ಬ್ಯಾಟರಿ ಕೈಕೊಟ್ರೆ, ಬೋಳು ಟೈರ್ ಒಡೆದ್ರೆ ಅದು ಓನರ್‌ದೇ, ಹೊರಡೋ ಮುಂಚೆ ನೋಡ್ಕೋಬೇಕಾಗಿತ್ತು.

ಟಾಪ್_ಗೇರ್_ತಮ್ಮ

ಟ್ರಿಪ್ ಶುರು ಆದಾಗ ಟ್ಯಾಂಕಲ್ಲಿ ಎಷ್ಟಿತ್ತು ಅನ್ನೋದ್ರಲ್ಲೂ ಗೊಂದಲ ಆಗುತ್ತೆ, ಅದನ್ನ ಹೇಳೋಕೆ ಮರೆತಿದ್ದೆ. ಓನರ್ ತನ್ನ ಖರ್ಚಲ್ಲಿ ಫುಲ್ ಮಾಡ್ಸಿ ಟ್ರಿಪ್ ಮೀಟರ್ ಸೊನ್ನೆ ಮಾಡ್ಲಿ. ಅಲ್ಲಿಂದಾಚೆ ಎಲ್ಲೆಲ್ಲಿ ತುಂಬಿಸಿದ್ರೂ ಎಲ್ಲಾ ಕಾಮನ್. ವಾಪಸ್ ಬಂದ ತಕ್ಷಣ, ಮನೆಗೆ ಹೋಗೋ ಮುಂಚೆ, ಅದೇ ಬಂಕಲ್ಲಿ ಮತ್ತೆ ಫುಲ್, ಅದೂ ಕಾಮನ್. ಮಧ್ಯೆ ಹಾಕ್ಸಿದ್ದು ಪ್ಲಸ್ ಕೊನೇ ಫುಲ್, ಅಷ್ಟೇ ನಿಮ್ಮ ಟ್ರಿಪ್ ಕುಡಿದ ಪೆಟ್ರೋಲ್. ಮುಳ್ಳು ನೋಡಿ ಅರ್ಧ ಟ್ಯಾಂಕ್ ಇತ್ತು, ಮುಕ್ಕಾಲು ಇತ್ತು ಅನ್ನೋ ಮಾತೇ ಬರಲ್ಲ.

ಚಾರ್ಜಿಂಗ್_ಪಾಯಿಂಟ್

ಎಲೆಕ್ಟ್ರಿಕ್ ಗಾಡಿಯವ್ರೂ ಇದನ್ನ ಓದ್ತಿರ್ತಾರೆ ಅಂತ ಒಂದು ಸಾಲು. ಮನೇಲಿ ರಾತ್ರಿ ಫುಲ್ ಚಾರ್ಜ್ ಮಾಡ್ಕೊಂಡು ಹೊರಟಿದ್ದು ಪುಕ್ಕಟೆ ಅಲ್ಲ, ಅದನ್ನೂ ಸೇರ್ಸಿ. ಸೇರ್ಸೋವಾಗ ಬ್ಯಾಟರಿಗೆ ಎಷ್ಟು ಯೂನಿಟ್ ಹೋಯ್ತು ಅಂತ ಗಾಡೀಲಿ ನೋಡ್ಬೇಡಿ, ಚಾರ್ಜ್ ಆಗುವಾಗ ಸಾಮಾನ್ಯವಾಗಿ 10ರಿಂದ 15 ಪರ್ಸೆಂಟ್ ದಾರೀಲೇ ನಷ್ಟ ಆಗಿರುತ್ತೆ, ಬಿಲ್ ಬರೋದು ಗೋಡೆ ಮೀಟರಿನ ಮೇಲೆ.

ಜಮಾ_ಖರ್ಚು

ಕೊನೇದಾಗಿ ಹಣ ಯಾರ ಕೈಯಲ್ಲಿರ್ಬೇಕು ಅನ್ನೋದು. ಓಡ್ಸೋರ ಕೈಯಲ್ಲಿ ಬೇಡ. ಅಂದಾಜಿನ ಪಾಲು ಪ್ಲಸ್ ಹತ್ತು ಪರ್ಸೆಂಟ್ ಎಲ್ರೂ ಹೊರಡೋ ಹಿಂದಿನ ದಿನ ಒಂದು ಕಡೆ ಹಾಕಿ, ಹಿಂದೆ ಕೂರೋ ಒಬ್ಬರು ಅದನ್ನ ಇಟ್ಕೊಳ್ಳಿ. ಪ್ರತಿ ಬಿಲ್ಲಿಂದು ಫೋಟೋ ತೆಗೆದು ಅಲ್ಲೇ ಗ್ರೂಪಿಗೆ ಹಾಕಿ, ಜೊತೆಗೆ ಮೀಟರ್ ರೀಡಿಂಗ್ ಫೋಟೋ. ಉಳಿದ್ರೆ ವಾಪಸ್.

ಒಂದು ಕಡೆ ಹಾಕೋಕೆ ಆಗ್ಲಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಕೊಟ್ರು ಅಂದ್ರೆ ಯಾರು ಯಾರಿಗೆ ಕೊಡ್ಬೇಕು ಅಂತ ಎಲ್ಲಾ ದಿಕ್ಕಿಗೂ ಬಾಣ ಬರೀಬೇಡಿ. ಪ್ರತಿಯೊಬ್ಬರದ್ದೂ ಕೊಟ್ಟಿದ್ದು ಮೈನಸ್ ಪಾಲು, ಒಂದೇ ನಂಬರ್. ಉದಾಹರಣೆಗೆ ಒಬ್ಬರಿಗೆ 900 ಬರ್ಬೇಕು, ಇನ್ನೊಬ್ಬರಿಗೆ 100 ಬರ್ಬೇಕು, ಉಳಿದವರು 300, 300, 400 ಕೊಡ್ಬೇಕು. 300 ಕೊಡೋರು ಇಬ್ರೂ 900ರವ್ರಿಗೆ, 400 ಕೊಡೋರು 300 ಅವ್ರಿಗೆ 100 ಇವ್ರಿಗೆ. ನಾಲ್ಕು ಸಲ ಹಣ ಕಳಿಸಿದ್ರೆ ಮುಗೀತು. ಐದು ಜನ ಇದ್ರೆ ನಾಲ್ಕಕ್ಕಿಂತ ಜಾಸ್ತಿ ಯಾವತ್ತೂ ಬೇಕಾಗಲ್ಲ. ಸ್ಪ್ಲಿಟ್‌ವೈಸ್ ಥರದ ಆ್ಯಪ್‌ಗಳು ಇದನ್ನೇ ಮಾಡೋದು, ಆದ್ರೆ ಯಾವ ತುಂಡಲ್ಲಿ ಯಾರಿದ್ರು ಅನ್ನೋದನ್ನ ನೀವೇ ತುಂಬ್ಬೇಕು.

ದೂರದ_ದಾರಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಒಂದು ಹಾಳೇಲಿ ಬರೆದೆ, 75ರಿಂದ 83 ಲೀಟರ್, ಯಾರಿಗೆ ಎಷ್ಟು, ಟೋಲ್ ಬೇರೆ ಕಾಲಮ್ಮು. ನನ್ನ ಸೀಟ್ ಮಾಫಿ ಅಂತ ನಾನೇ ಕೇಳೋಕೆ ಸಂಕೋಚ ಆಯ್ತು, ಅದಕ್ಕೆ ಟೈರು ಸರ್ವಿಸ್ ಲೆಕ್ಕಾನೂ ಕೆಳಗೆ ಬರೆದು "ಇದನ್ನ ಹೇಗೆ ಮಾಡೋಣ ನೀವೇ ಹೇಳಿ" ಅಂತ ಗ್ರೂಪಿಗೆ ಹಾಕಿದೆ. ಹೋದ ಸಲ ಅಷ್ಟಾಯ್ತಾ ಅಂದಿದ್ನಲ್ಲ, ಅವನೇ ಮೊದಲು ಫೋನ್ ಮಾಡಿದ. ನಿನ್ನ ಪಾಲು ಬೇಡ, ನಾವೇ ಹಾಕ್ಕೋತೀವಿ, ಇದನ್ನ ಹೋದ ಸಲಾನೇ ಹೇಳೋದಲ್ವಾ ಅಂದ. ಕಾಮನ್ ಹಣ ಅವನ ಹೆಂಡತಿ ಇಟ್ಕೋತಾರಂತೆ. ಭಾನುವಾರ ಹೈವೇ ಟೆಸ್ಟಿಗೂ ಅವನೇ ಜೊತೆ ಬರ್ತಾನೆ, ಟಕ್ ಅಂದಾಗ ನಿಲ್ಸೋಕೆ ಹೇಳೋದು ಅವನ ಕೆಲಸ.

ಟಾಪ್_ಗೇರ್_ತಮ್ಮ

ತುಂಬಾ ಖುಷಿ ಆಯ್ತು ಗುರೂ. ಟೆಸ್ಟಿಗೆ ಹೋಗೋ ಮುಂಚೆ ಟೈರ್ ಗಾಳಿ ನೋಡ್ಕೊಳ್ಳಿ, ಗಾಡಿ ಓಡಿರಬಾರದು, ಟೈರ್ ತಣ್ಣಗಿರ್ಬೇಕು. ಐದು ಜನಕ್ಕೆ ಎಷ್ಟು ಪ್ರೆಶರ್ ಅನ್ನೋದು ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರಲ್ಲಿ ಇರುತ್ತೆ, ಇಬ್ರೇ ಹೋಗೋದಕ್ಕೂ ಫುಲ್ ಲೋಡಿಗೂ ಬೇರೆ ಬೇರೆ ಕೊಟ್ಟಿದ್ರೆ ಟ್ರಿಪ್ ದಿನ ಬದಲಾಯಿಸೋದು ಮರೀಬೇಡಿ. ಎಷ್ಟು ಬಂತು ಅಂತ ಸೋಮವಾರ ಹಾಕಿ.